ಮಾತನಾಡದ ವಿಜ್ಞಾನಿ: ‘ಹಾಫ್-ಲೈಫ್ 2’ರ ಗುಣದೋಷಗಳು

ಒಂದು ಕಥೆಯು ಜನರ ಮೆಚ್ಚುಗೆಯನ್ನು ಪಡೆದ ಮೇಲೆ ಅದಕ್ಕೆ ಉತ್ತರಭಾಗವನ್ನು ರಚಿಸುವುದು ಸುಲಭದ ಕೆಲಸವಲ್ಲ. ಮೊದಲಿನದನ್ನೇ ಪುನಃ ಹೇಳಿದರೆ ಹಳಸಲೆನ್ನುತ್ತಾರೆ. ತೀರ ಹೊಸದನ್ನು ಹೇಳಿದರೆ ಹಳೆಯ ಹೆಸರಿಗೆ ಅಪಚಾರವಾಯಿತೆನ್ನುತ್ತಾರೆ. ಗಣಕಯಂತ್ರದ ಆಟಗಳಲ್ಲಿ ಈ ಕಷ್ಟವು ಇನ್ನೂ ಹೆಚ್ಚು. ಏಕೆಂದರೆ ಅಲ್ಲಿ ಕಥೆಯನ್ನು ಕೇಳುವವನೇ ಕಥೆಯೊಳಗೆ ನಡೆದಾಡಬೇಕು. 2004ರ ನವೆಂಬರಿನಲ್ಲಿ ಅಮೆರಿಕದ ವಾಲ್ವ್ ಸಂಸ್ಥೆಯವರು ಹೊರತಂದ ‘ಹಾಫ್-ಲೈಫ್ 2’ ಎಂಬ ಆಟವು ಈ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ಉತ್ತೀರ್ಣವಾಗಿದೆಯೆಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಬಂದೂಕು ಹಿಡಿದು ಶತ್ರುಗಳನ್ನು ಹೊಡೆಯುವ ಆಟಕ್ಕೂ ವಿಜ್ಞಾನ ಪತ್ರಿಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಇದರ ನಾಯಕನಾದ ಗಾರ್ಡನ್ ಫ್ರೀಮನ್ ಸಿಪಾಯಿಯಲ್ಲ, ಅಮೆರಿಕದ ಎಂ.ಐ.ಟಿ.ಯಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದವನೆಂದು ಕಥೆ ಹೇಳುತ್ತದೆ. ಆಟದ ಹೆಸರೂ ನಮ್ಮ ಶಾಸ್ತ್ರದಿಂದಲೇ ಬಂದದ್ದು. ವಿಕಿರಣಪಟು ವಸ್ತುವೊಂದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲವೇ ಅದರ ಅರ್ಧಾಯುಷ್ಯ. ನಾಯಕನ ಕವಚದ ಮೇಲೆ ‘ಲ್ಯಾಂಬ್ಡಾ’ ಎಂಬ ಗ್ರೀಕ್ ಅಕ್ಷರವಿದೆ. ಅದು ಕ್ಷಯ ಸ್ಥಿರಾಂಕದ ಚಿಹ್ನೆ. ಆ ಸ್ಥಿರಾಂಕವನ್ನು ಅರ್ಧಾಯುಷ್ಯದಿಂದ ಗುಣಿಸಿದರೆ ಯಾವ ವಸ್ತುವಿಗಾದರೂ 0.693 ಎಂಬ ಸಂಖ್ಯೆಯೇ ದೊರೆಯುತ್ತದೆ. ಭೌತವಿಜ್ಞಾನಿಯನ್ನು ಮುಂದಿಟ್ಟುಕೊಂಡು ಹೊರಟ ಕಥೆಯು ವಿಜ್ಞಾನಕ್ಕೆ ಯಾವ ಸ್ಥಾನವನ್ನು ಕೊಟ್ಟಿದೆಯೆಂದು ಕೇಳುವ ಅಧಿಕಾರ ವಿಜ್ಞಾನದ ಅಧ್ಯಾಪಕನಿಗೂ ವಿದ್ಯಾರ್ಥಿಗೂ ಇದ್ದೇ ಇದೆ.

ಮೊದಲು ಕಥೆಯ ಸಾರಾಂಶ. 1998ರಲ್ಲಿ ಬಂದ ಪೂರ್ವಭಾಗದಲ್ಲಿ ಬ್ಲ್ಯಾಕ್ ಮೀಸಾ ಎಂಬ ಪ್ರಯೋಗಶಾಲೆಯೊಂದಿದೆ. ಮೇಲಿನವರ ಆಜ್ಞೆಯಂತೆ ಫ್ರೀಮನ್ ಒಂದು ಸ್ಫಟಿಕವನ್ನು ಯಂತ್ರದ ಕಿರಣದೊಳಕ್ಕೆ ತಳ್ಳುತ್ತಾನೆ; ಅನುನಾದದ ಸರಪಳಿಯೊಂದು ಹುಟ್ಟಿ ಅನ್ಯಲೋಕದ ಬಾಗಿಲು ತೆರೆದುಕೊಳ್ಳುತ್ತದೆ. ಉತ್ತರಭಾಗವು ಸುಮಾರು ಇಪ್ಪತ್ತು ವರ್ಷಗಳ ತರುವಾಯ ಆರಂಭವಾಗುತ್ತದೆ. ಅಷ್ಟರೊಳಗೆ ‘ಕಂಬೈನ್’ ಎಂಬ ಪರಲೋಕದ ಸಾಮ್ರಾಜ್ಯವು ಏಳೇ ಗಂಟೆಗಳ ಯುದ್ಧದಲ್ಲಿ ಭೂಮಿಯನ್ನು ಗೆದ್ದಿದೆ. ಶರಣಾಗತಿಯ ಸಂಧಾನ ಮಾಡಿದ ವಾಲೇಸ್ ಬ್ರೀನ್ ಎಂಬಾತನು ಅವರ ಹೆಸರಿನಲ್ಲಿ ಆಳುತ್ತಿದ್ದಾನೆ. ಈತನು ಅದೇ ಪ್ರಯೋಗಶಾಲೆಯ ಹಿಂದಿನ ಆಡಳಿತಾಧಿಕಾರಿ. ‘ಸಿಟಿ 17’ ಎಂಬ ನಗರಕ್ಕೆ ರೈಲಿನಲ್ಲಿ ಬಂದಿಳಿಯುವ ಫ್ರೀಮನ್ ಅಲ್ಲಿನ ಪ್ರತಿಭಟನಕಾರರನ್ನು ಕೂಡಿಕೊಳ್ಳುತ್ತಾನೆ.

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಈ ಕಥೆಯ ಅತಿ ದೊಡ್ಡ ಗುಣವೆಂದರೆ ಅದು ಮಾತಿಗಿಂತ ವಸ್ತುಗಳ ಮೂಲಕ ಹೆಚ್ಚನ್ನು ಹೇಳುತ್ತದೆ. ನಗರದಲ್ಲಿ ಮಕ್ಕಳ ಆಟದ ಬಯಲಿದೆ, ಮಕ್ಕಳಿಲ್ಲ. ಏಕೆಂಬುದು ಬ್ರೀನನ ಪ್ರಸಾರ ಭಾಷಣವನ್ನು ಗಮನವಿಟ್ಟು ಕೇಳಿದವರಿಗೆ ಹೊಳೆಯುತ್ತದೆ: ಆಳುವವರು ಸಂತಾನವನ್ನೇ ತಡೆದುಬಿಟ್ಟಿದ್ದಾರೆ. ಮುಂದೆ ಕಡಲತೀರದಲ್ಲಿ ಹಡಗುಕಟ್ಟೆಯ ಕಂಬಗಳು ಒಣನೆಲದ ಮೇಲೆ ನಿಂತಿವೆ, ದೋಣಿಗಳು ಮರಳಿನಲ್ಲಿ ಒರಗಿವೆ. ಕಡಲಿನ ನೀರು ಇಳಿದುಹೋಗಿದೆ. ಯಾವ ಪಾತ್ರವೂ ನಿಂತು ಇದನ್ನು ವಿವರಿಸುವುದಿಲ್ಲ. ನೋಡುವವನೇ ಸಾಕ್ಷ್ಯವನ್ನು ಕೂಡಿಸಿ ಅನುಮಾನಿಸಬೇಕು. ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು ವಿಜ್ಞಾನದ ಮೊದಲನೆಯ ಪಾಠವಲ್ಲವೆ?

ಎರಡನೆಯ ಗುಣವು ಭೌತಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. ಐರ್ಲೆಂಡಿನ ಹ್ಯಾವಾಕ್ ಸಂಸ್ಥೆಯ ತಂತ್ರಾಂಶವನ್ನು ಮಾರ್ಪಡಿಸಿ ಬಳಸಿದುದರಿಂದ ಇಲ್ಲಿನ ವಸ್ತುಗಳಿಗೆ ರಾಶಿಯಿದೆ, ಘರ್ಷಣೆಯಿದೆ, ತೇಲುವ ಗುಣವಿದೆ. ಒಂದೆಡೆ ಮೇಲೇರಲು ದಾರಿಯಿಲ್ಲದೆ ಸನ್ನೆಗೋಲಿನಂಥ ಹಲಗೆಯೊಂದಿರುತ್ತದೆ. ಅದರ ಒಂದು ತುದಿಗೆ ಇಟ್ಟಿಗೆಗಳನ್ನು ಪೇರಿಸಿ ಇನ್ನೊಂದು ತುದಿಯಿಂದ ಹತ್ತಬೇಕು. ಆಧಾರದಿಂದ 1 ಮೀಟರ್ ದೂರದಲ್ಲಿ ನಿಂತ 60 ಕಿಲೋಗ್ರಾಂ ತೂಕದ ಮನುಷ್ಯನನ್ನು 3 ಮೀಟರ್ ದೂರದಲ್ಲಿಟ್ಟ 20 ಕಿಲೋಗ್ರಾಂ ಸರಿದೂಗಿಸುತ್ತದೆಂಬುದನ್ನು ನಾವು ಕರಿಹಲಗೆಯ ಮೇಲೆ ಬರೆಯುತ್ತೇವೆ. ಇಲ್ಲಿ ಅದನ್ನು ಕೈಯಾರೆ ಅರಿಯಬಹುದು. ಇನ್ನೊಂದೆಡೆ ನೀರಿನಲ್ಲಿರುವ ಹಲಗೆಯ ಕೆಳಗೆ ಖಾಲಿ ಪೀಪಾಯಿಗಳನ್ನು ಸೇರಿಸಿ ಅದನ್ನು ಮೇಲೆತ್ತಬೇಕು. 200 ಲೀಟರಿನ ಪೀಪಾಯಿ ಪೂರ್ತಿ ಮುಳುಗಿದಾಗ 200 ಕಿಲೋಗ್ರಾಂ ನೀರನ್ನು ಸರಿಸುತ್ತದೆ. ತನ್ನ ತೂಕವನ್ನು ಕಳೆದು ಮಿಕ್ಕಷ್ಟು ಭಾರವನ್ನು ಅದು ಹೊರಬಲ್ಲುದು. ಆರ್ಕಿಮಿಡೀಸನ ನಿಯಮವೇ ಇಲ್ಲಿ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುತ್ತದೆ.

ನಿಯಮಗಳು ಎಲ್ಲೆಡೆಯೂ ಪಾಲಿಸಲ್ಪಟ್ಟಿವೆಯೆಂದಲ್ಲ. ಫ್ರೀಮನ್ನನಿಗೆ ದೊರೆಯುವ ‘ಗುರುತ್ವ ಬಂದೂಕು’ ಭಾರವಾದ ವಸ್ತುಗಳನ್ನು ಸೆಳೆದು ಎಸೆಯುತ್ತದೆ. 80 ಕಿಲೋಗ್ರಾಂ ತೂಕದವನು 20 ಕಿಲೋಗ್ರಾಂ ಪೀಪಾಯಿಯನ್ನು ಸೆಕೆಂಡಿಗೆ 20 ಮೀಟರ್ ವೇಗದಿಂದ ಎಸೆದರೆ, ಸಂವೇಗ ಸಂರಕ್ಷಣೆಯ ನಿಯಮದಂತೆ ಅವನೇ ಸೆಕೆಂಡಿಗೆ 5 ಮೀಟರ್ ವೇಗದಿಂದ ಹಿಂದಕ್ಕೆ ತಳ್ಳಲ್ಪಡಬೇಕು. ಆಟದಲ್ಲಿ ಅವನು ನಿಂತಲ್ಲೇ ನಿಂತಿರುತ್ತಾನೆ. ಈ ಆಯುಧದ ಶಾಸ್ತ್ರೀಯ ನಾಮದಲ್ಲಿ ‘ಶೂನ್ಯಬಿಂದು ಶಕ್ತಿ’ಯ ಮಾತು ಬರುತ್ತದೆ. ಕ್ವಾಂಟಮ್ ಸಿದ್ಧಾಂತದಲ್ಲಿ ಅದು ವ್ಯವಸ್ಥೆಯೊಂದರ ಕನಿಷ್ಠತಮ ಶಕ್ತಿ. ಅದಕ್ಕಿಂತ ಕೆಳಗಿನ ಸ್ಥಿತಿಯಿಲ್ಲದುದರಿಂದ ಅದನ್ನು ಹೊರತೆಗೆದು ಪೀಪಾಯಿ ಎಸೆಯಲು ಬಳಸುವಂತಿಲ್ಲ. ಹೆಸರು ಬರಿಯ ಅಲಂಕಾರವಾಯಿತು. ಆದರೂ ಕಲ್ಪನೆಯ ಕಥೆಗೆ ಇಷ್ಟು ಸಲಿಗೆಯನ್ನು ಕೊಡದಿರುವುದು ಜಿಪುಣತನವೆಂದೇ ನನ್ನ ಮತ.

ನನ್ನ ನಿಜವಾದ ಆಕ್ಷೇಪಣೆ ಬೇರೆಡೆಯಿದೆ. ಫ್ರೀಮನ್ ಆದಿಯಿಂದ ಅಂತ್ಯದವರೆಗೆ ಒಂದು ಮಾತನ್ನೂ ಆಡುವುದಿಲ್ಲ. ಆಡುವವನು ತನ್ನನ್ನೇ ನಾಯಕನೆಂದು ಭಾವಿಸಲೆಂಬುದು ಇದರ ಉದ್ದೇಶ. ಪೂರ್ವಭಾಗದಲ್ಲಿ ಅದು ಸಲ್ಲುತ್ತಿತ್ತು, ಏಕೆಂದರೆ ಅಲ್ಲಿ ಅವನ ಕೆಲಸ ಪ್ರಾಣ ಉಳಿಸಿಕೊಳ್ಳುವುದಷ್ಟೇ. ಉತ್ತರಭಾಗದಲ್ಲಾದರೋ ಹಳೆಯ ಸಹೋದ್ಯೋಗಿಗಳಾದ ಈಲೈ ವ್ಯಾನ್ಸ್, ಐಸಾಕ್ ಕ್ಲೈನರ್ ಮೊದಲಾದವರು ಅವನನ್ನು ಅಪ್ಪಿಕೊಳ್ಳುತ್ತಾರೆ, ಹೊಗಳುತ್ತಾರೆ, ಲೋಕೋದ್ಧಾರಕನೆಂದು ಕೊಂಡಾಡುತ್ತಾರೆ. ಆ ಸ್ಫಟಿಕವನ್ನು ಕಿರಣದೊಳಕ್ಕೆ ತಳ್ಳಿದ ಕೈ ಇವನದೇ ಅಲ್ಲವೆ? ಆಜ್ಞೆಯಂತೆ ನಡೆದವನಿಗೆ ಹೊಣೆಯಿಲ್ಲವೆ? ಈ ಪ್ರಶ್ನೆಯನ್ನು ಎದುರಿಸಲು ಇದಕ್ಕಿಂತ ಉತ್ತಮ ಸಂದರ್ಭ ಯಾವ ಕಥೆಗೂ ದೊರೆಯಲಾರದು. ಇಲ್ಲಿ ಅವನಿಗೆ ಪಶ್ಚಾತ್ತಾಪವೂ ಇಲ್ಲ, ಸಮರ್ಥನೆಯೂ ಇಲ್ಲ.

ಈ ಕೊರತೆಯು ಅಂತ್ಯಭಾಗದಲ್ಲಿ ಎದ್ದು ಕಾಣುತ್ತದೆ. ಬ್ರೀನನು ಫ್ರೀಮನ್ನನನ್ನು ಕುರಿತು, ನೀನು ಇಷ್ಟೊಂದು ನಾಶ ಮಾಡಿದೆಯಲ್ಲ, ನಿರ್ಮಿಸಿದ್ದು ಒಂದಾದರೂ ಇದೆಯೆ ಎಂಬರ್ಥದ ಪ್ರಶ್ನೆಯನ್ನು ಹಾಕುತ್ತಾನೆ. ಕೇಳುವವನು ದ್ರೋಹಿಯಾದರೂ ಪ್ರಶ್ನೆ ಕ್ಷುಲ್ಲಕವಲ್ಲ. ಇಡೀ ಕಥೆಯಲ್ಲಿ ಅತ್ಯಂತ ಗಂಭೀರವಾದ ಮಾತು ಅದೇ. ಪ್ರಪಂಚವನ್ನು ಒಪ್ಪಿಸಿಕೊಟ್ಟವನು ಎಡೆಬಿಡದೆ ಮಾತನಾಡುತ್ತಾನೆ. ಅದನ್ನು ಬಿಡಿಸಹೊರಟ ವಿಜ್ಞಾನಿಯ ಬಾಯಿಯಿಂದ ಉತ್ತರವೇ ಇಲ್ಲ. ಅವನ ಉತ್ತರವೆಲ್ಲವೂ ಬಂದೂಕಿನ ಮೂಲಕ.

ಇನ್ನೊಂದು ದೋಷವು ಕಥೆಯ ನಡಿಗೆಯಲ್ಲಿದೆ. ಹಳೆಯ ಸೆರೆಮನೆಯಾದ ನೋವಾ ಪ್ರಾಸ್ಪೆಕ್ಟಿನಿಂದ ಫ್ರೀಮನ್ನನೂ ಈಲೈನ ಮಗಳು ಆಲಿಕ್ಸಳೂ ದೂರಸಾಗಣೆಯ ಯಂತ್ರದ ಮೂಲಕ ಪಾರಾಗುತ್ತಾರೆ. ಅವರಿಗೆ ಕ್ಷಣವೆನಿಸಿದ್ದು ಹೊರಗೆ ಒಂದು ವಾರವಾಗಿರುತ್ತದೆ. ಸೆರೆಮನೆಯ ಮೇಲೆ ಬಿದ್ದ ಪೆಟ್ಟನ್ನೇ ಸಂಕೇತವೆಂದು ತಿಳಿದು ಆ ವಾರದಲ್ಲಿ ಜನರು ದಂಗೆಯೆದ್ದಿದ್ದಾರೆ. ಕಲ್ಪನೆ ಚತುರವಾದುದೇ; ಆದರೆ ಅದರಿಂದಾದ ನಷ್ಟ ದೊಡ್ಡದು. ಹೆದರಿ ತಲೆತಗ್ಗಿಸಿದ್ದ ಜನರು ಹೇಗೆ ಧೈರ್ಯ ತಂದುಕೊಂಡರು, ಯಾರು ಮೊದಲು ಬೀದಿಗಿಳಿದರು ಎಂಬುದೇ ಕಥೆಯ ಹೃದಯವಾಗಬೇಕಿತ್ತು. ಅದೆಲ್ಲ ತೆರೆಯ ಮರೆಯಲ್ಲಿ ನಡೆದುಹೋಗುತ್ತದೆ. ಇದಕ್ಕೆ ಹೋಲಿಸಿದರೆ ಕಾಲುವೆಯಲ್ಲಿ ದೋಣಿ ಓಡಿಸುವ, ಕಡಲತೀರದಲ್ಲಿ ಬಂಡಿ ಓಡಿಸುವ ಅಧ್ಯಾಯಗಳು ಅಗತ್ಯಕ್ಕಿಂತ ದೀರ್ಘವಾಗಿವೆ.

ಮುಕ್ತಾಯವೂ ಅಪೂರ್ಣವೇ. ಸ್ಫೋಟದ ನಡುವೆ ಕಾಲವನ್ನೇ ನಿಲ್ಲಿಸಿ, ‘ಜಿ-ಮ್ಯಾನ್’ ಎಂಬ ನಿಗೂಢ ವ್ಯಕ್ತಿಯು ನಾಯಕನನ್ನು ಎತ್ತಿಕೊಂಡು ಹೋಗುತ್ತಾನೆ. 2006 ಮತ್ತು 2007ರಲ್ಲಿ ಎರಡು ಮುಂದುವರಿಕೆಗಳು ಬಂದು, ಎರಡನೆಯದು ಮತ್ತೊಂದು ಕಗ್ಗಂಟಿನಲ್ಲಿ ನಿಂತಿತು. ಆಮೇಲೆ 2020ರಲ್ಲಿ ಬಂದ ‘ಹಾಫ್-ಲೈಫ್: ಆಲಿಕ್ಸ್’ ಹೆಚ್ಚಾಗಿ ಹಿಂದಿನ ಕಾಲದ ಕಥೆಯನ್ನೇ ಹೇಳಿತು. ಉತ್ತರವನ್ನು ಮುಂದಿನ ಸಂಪುಟಕ್ಕೆ ಸಾಲವಾಗಿ ಬರೆದಿಡುವ ಅಭ್ಯಾಸವು ಕಥೆಗಾರನಿಗೆ ಶ್ರೇಯಸ್ಕರವಲ್ಲ.

ಹಾಗಾದರೆ ಈ ಆಟವನ್ನು ಆಡಬಾರದೆಂದು ನಾನು ಹೇಳುತ್ತಿಲ್ಲ. ಅಮೆರಿಕದ ವರ್ಗೀಕರಣದಂತೆ ಇದು 17 ವರ್ಷ ತುಂಬಿದವರಿಗಾಗಿರುವುದೆಂಬುದನ್ನು ಕಿರಿಯ ವಿದ್ಯಾರ್ಥಿಗಳು ನೆನಪಿಡಬೇಕು. ಆಡುವ ವಯಸ್ಸಿನವರು ಕಣ್ಣು ತೆರೆದು ಆಡಲಿ. ಬತ್ತಿದ ಕಡಲತೀರದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಲಿ. ಹಲಗೆಯ ಮೇಲೆ ಇಟ್ಟಿಗೆಯಿಡುವಾಗ ತೂಕವನ್ನೂ ದೂರವನ್ನೂ ಮನಸ್ಸಿನಲ್ಲಿ ಲೆಕ್ಕ ಹಾಕಲಿ. ಆದರೆ ಫ್ರೀಮನ್ನನನ್ನು ವಿಜ್ಞಾನಿಯ ಆದರ್ಶವೆಂದು ಎಣಿಸದಿರಲಿ. ಪ್ರಯೋಗಕ್ಕೆ ಮೊದಲು ಏಕೆಂದು ಕೇಳುವುದು, ಪ್ರಯೋಗವಾದ ಮೇಲೆ ಏನಾಯಿತೆಂದು ಹೇಳುವುದು ವಿಜ್ಞಾನಿಯ ಧರ್ಮ. ಅವನಿಗೆ ಎರಡು ಭಾಗಗಳಲ್ಲಿಯೂ ಇವೆರಡಕ್ಕೆ ಅವಕಾಶ ದೊರೆಯಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ಆ ಅವಕಾಶವು ಪ್ರತಿದಿನವೂ ಇದೆ. ಅದನ್ನು ಅವರು ಬಿಟ್ಟುಕೊಡಬಾರದು.