ಟ್ಯೂನಿಂಗ್ ಬೇಕಾಗಿರೋದು ಗಾಡಿಗಲ್ಲ, ಬಾಡಿಗೆಗೆ

ಬೆಂಗಳೂರು ಸೇರಿದ ನಮ್ಮ ಕಡೆಯ ಹುಡುಗರಿಗೆ ಒಂದು ಚಟ ಇದೆ. ತಮ್ಮ ಕಾರಿಗೆ ಏನು ಮಾಡಿಸಿದ್ರೂ ಅದನ್ನ ಊರಿನ ಗಾಡಿಗೂ ಮಾಡಿಸಬೇಕು. ವೀಕೆಂಡಿಗೆ ನಂದಿ ಬೆಟ್ಟ ಹತ್ತೋ ಡೀಸೆಲ್ ಕಾರಿಗೆ 'ಸ್ಟೇಜ್ ಒನ್ ರಿಮ್ಯಾಪ್' ಮಾಡಿಸ್ತಾರೆ, ಸೀಟಿಗೆ ಬೆನ್ನು ಅಂಟಿತು ಅಂತ ಖುಷಿಪಡ್ತಾರೆ. ಪಡಲಿ, ಅವರ ದುಡ್ಡು, ಅವರ ಕಾರು. ಆದರೆ ದೀಪಾವಳಿಗೆ ಆಳಂದಕ್ಕೋ, ಅಫಜಲಪುರಕ್ಕೋ, ಜೇವರ್ಗಿಗೋ ಹೋದಾಗ, ಕಂತಿನ ಮೇಲೆ ಪಿಕಪ್ ತಗೊಂಡು ದುಡಿಯೋ ಅಣ್ಣನಿಗೆ "ನಿಂದಕ್ಕೂ ಮಾಡಿಸಿಬಿಡೋ, ಪವರೂ ಬರ್ತದ, ಮೈಲೇಜೂ ಬರ್ತದ" ಅಂತ ಉಪದೇಶ ಮಾಡ್ತಾರಲ್ಲ, ನನ್ನ ಜಗಳ ಅದರ ಜೊತೆ.

ನಾನೂ ಕೋಡ್ ಬರೆದೇ ಅನ್ನ ತಿನ್ನೋನು. ಹಾಗಾಗಿ ಸಾಫ್ಟ್‌ವೇರಿನಿಂದ ಇಂಜಿನ್ ಬದಲಾಗಲ್ಲ ಅಂತ ವಾದಿಸಲ್ಲ. ಖಂಡಿತ ಬದಲಾಗುತ್ತೆ. ಇವತ್ತಿನ ಕಾಮನ್ ರೇಲ್ ಡೀಸೆಲ್ ಇಂಜಿನ್ನಿನಲ್ಲಿ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ, ಎಷ್ಟು ಒತ್ತಡದಲ್ಲಿ ಅನ್ನೋದನ್ನೆಲ್ಲ ಇಸಿಯು ಅನ್ನೋ ಡಬ್ಬಿಯೇ ನಿರ್ಧರಿಸುತ್ತೆ. ಟ್ಯೂನರ್ ಆ ಕೋಷ್ಟಕದ ಅಂಕಿ ತಿದ್ದಿ ಟರ್ಬೋ ಒತ್ತಡ ಏರಿಸ್ತಾನೆ, ಡೀಸೆಲ್ ಹೆಚ್ಚು ಬಿಡ್ತಾನೆ, ಟಾರ್ಕಿನ ಮಿತಿ ಸಡಿಲ ಮಾಡ್ತಾನೆ. ಗಾಡಿ ಜಿಗಿಯುತ್ತೆ. ಸುಳ್ಳಲ್ಲ.

ಪ್ರಶ್ನೆ ಇರೋದು, ಆ ಶಕ್ತಿ ಇಷ್ಟು ದಿನ ಎಲ್ಲಿತ್ತು? ಕಂಪನಿಯವರು ದಡ್ಡರಾಗಿ ಬಿಟ್ಟಿದ್ರಾ? ಇಲ್ರೀ. ಅದನ್ನ ಬೇಕಂತಲೇ ಉಳಿಸಿ ಇಟ್ಟಿರ್ತಾರೆ, ಏಪ್ರಿಲ್-ಮೇ ತಿಂಗಳ ಕಲಬುರಗಿಗಾಗಿ. ಬಿಸಿಲು 42 ಡಿಗ್ರಿ ದಾಟಿದಾಗ ಗಾಳಿ ತೆಳುವಾಗುತ್ತೆ, ಸಿಲಿಂಡರಿಗೆ ಹೋಗೋ ಆಮ್ಲಜನಕ ಕಡಿಮೆಯಾಗುತ್ತೆ. ಎರೆಮಣ್ಣಿನ ಧೂಳು ಏರ್ ಫಿಲ್ಟರ್ ಕಟ್ಟುತ್ತೆ. ಅಂಥ ಹೊತ್ತಲ್ಲೂ ಟರ್ಬೋ, ಪಿಸ್ಟನ್, ಕ್ಲಚ್ ಬದುಕಿ ಉಳೀಬೇಕು ಅಂತ ಬಿಟ್ಟ ಜಾಗ ಅದು. ಟ್ಯೂನರ್ ಮಾರೋದು ಆ ಜಾಗವನ್ನೇ. ಇದ್ದ ಗಾಳಿಗೆ ಡೀಸೆಲ್ ಹೆಚ್ಚಾದ್ರೆ ಕಪ್ಪು ಹೊಗೆ, ಎಕ್ಸಾಸ್ಟ್ ಬಿಸಿ. ಟಾರ್ಕ್ ಏರಿದ್ರೆ ಕ್ಲಚ್ ಸವೆತ. ಇಷ್ಟೆಲ್ಲ ಆದ್ಮೇಲೂ ಬ್ರೇಕು ಮೊದಲಿನದೇ. ಬ್ರೇಕಿಗೆ ರಿಮ್ಯಾಪ್ ಇಲ್ಲ.

ಮೈಲೇಜ್ ವಾದ ನೋಡೋಣ. ಲೀಟರಿಗೆ 10 ಕಿಲೋಮೀಟರ್ ಕೊಡೋ ಪಿಕಪ್, ತಿಂಗಳಿಗೆ 3,000 ಕಿಲೋಮೀಟರ್ ಓಡುತ್ತೆ ಅಂತ ಇಟ್ಕೊಳ್ಳಿ. 300 ಲೀಟರ್ ಆಯ್ತು. ಟ್ಯೂನಿಂಗಿನಿಂದ ಶೇಕಡಾ 5 ಉಳೀತು ಅಂತ ಧಾರಾಳವಾಗಿ ಒಪ್ಪೋಣ. 15 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದ್ರೆ 1,350 ರೂಪಾಯಿ. ಟ್ಯೂನಿಂಗಿಗೆ 30,000 ಕೊಟ್ಟಿದ್ರೆ ಅಸಲು ಬರೋಕೆ 22 ತಿಂಗಳು. ಅಷ್ಟರೊಳಗೆ ವಾರಂಟಿ ನಿರಾಕರಣೆಯಾಗಿ ಒಂದು ಇಂಜೆಕ್ಟರ್ ಕೈಕೊಟ್ರೆ ಲೆಕ್ಕ ಮತ್ತೆ ಸೊನ್ನೆಗೆ. ಅದೂ ಅಲ್ದೆ, ಹೆಚ್ಚು ಪವರ್ ಇರೋ ಗಾಡಿಯನ್ನ ಹೆಚ್ಚು ಒತ್ತದೇ ಓಡಿಸೋ ಡ್ರೈವರ್ ಎಲ್ಲಿದ್ದಾನೆ, ತೋರಿಸಿ.

ಇನ್ನು ರಸ್ತೆ. ಈ ಮೂರು ತಾಲ್ಲೂಕುಗಳ ನಡುವೆ ಆಗುಂಬೆ ಇಲ್ಲ, ಶಿರಾಡಿ ಇಲ್ಲ. ಭೀಮೆಯ ಎರಡೂ ದಂಡೆಗೆ ಬಯಲೇ ಬಯಲು. ಕಬ್ಬಿನ ಹಂಗಾಮಿನಲ್ಲಿ ಅಫಜಲಪುರದ ಹಾವಳಗಾ, ಆಳಂದದ ಭೂಸನೂರು ಕಾರ್ಖಾನೆಗಳ ಕಡೆ ಹೊರಟ ಗಾಡಿ ದಾರಿಯಲ್ಲಿ ಹತ್ತು ನಿಮಿಷ ಉಳಿಸಿತು ಅನ್ನಿ. ಕಬ್ಬಿನ ಗಾಡಿ ಗೇಟಿನ ಮುಂದೆ ತಾಸುಗಟ್ಟಲೆ ಪಾಳಿ ನಿಲ್ಲೋದು ಯಾರಿಗೆ ಗೊತ್ತಿಲ್ಲ? ಪಾಳಿಯಲ್ಲಿ ಟ್ಯೂನ್ ಆದ ಗಾಡಿಯೂ ಒಂದೇ, ಆಗದ ಗಾಡಿಯೂ ಒಂದೇ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಗಾಡಿಗಳದ್ದು ಇನ್ನೊಂದು ಕಥೆ. "ಗಾಡಿ ಎಳೀತಿಲ್ಲ" ಅಂತ ಹೋದವನಿಗೆ "ಡಿಪಿಎಫ್ ತೆಗೆಸಿಬಿಡು, ಇಜಿಆರ್ ಬಂದ್ ಮಾಡಿಸು" ಅನ್ನೋ ಸಲಹೆ ರೆಡಿ ಇರುತ್ತೆ. ಡಿಪಿಎಫ್ ಅಂದ್ರೆ ಮಸಿ ಹಿಡಿಯೋ ಜರಡಿ. ಹಳ್ಳಿ-ಸಂತೆ ಅಂತ ನಿಧಾನಕ್ಕೆ, ಹತ್ತಿರ ಹತ್ತಿರ ಓಡೋ ಗಾಡಿಯಲ್ಲಿ ಅದು ಬೇಗ ಕಟ್ಟುತ್ತೆ, ಇಂಜಿನ್ ತಾನೇ ಪವರ್ ತಗ್ಗಿಸುತ್ತೆ. ಅದಕ್ಕೆ ಮದ್ದು ರೀಜನರೇಷನ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸೋದು, ಆಗದಿದ್ರೆ ಸರ್ವೀಸ್ ಸೆಂಟರಿನಲ್ಲಿ ಮಾಡಿಸೋದು. ಜರಡಿ ಕಿತ್ತು ಸೆನ್ಸರಿಗೆ ಸುಳ್ಳು ಹೇಳೋ ಕೋಡ್ ಹಾಕಿದ್ರೆ ಮಸಿ ಎಲ್ಲಿ ಹೋಗುತ್ತೆ? ಸಂತೆಯಲ್ಲಿ ಕೂತ ಹೆಂಗಸಿನ ಎದೆಗೂಡಿಗೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಗೆ ಮೋಸ ಮಾಡೋ ಸಾಫ್ಟ್‌ವೇರ್ ಹಾಕಿದ್ದು ಬಯಲಾದಾಗ ನಾವೆಲ್ಲ ಎಷ್ಟು ಬೈದಿದ್ವಿ! ಅದೇ ಮೋಸವನ್ನ ಗ್ಯಾರೇಜಿನಲ್ಲಿ ಮಾಡಿದ್ರೆ ಅದಕ್ಕೆ 'ಜುಗಾಡ್' ಅಂತ ಮುದ್ದಿನ ಹೆಸರು.

ಕಾನೂನೂ ಸುಮ್ಮನಿಲ್ಲ. ಅನುಮತಿ ಇಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಾಯುಮಾಲಿನ್ಯದ ನಿಯಮ ಮೀರಿದ್ರೆ 190ನೇ ಕಲಮಿನಡಿ 10,000ದವರೆಗೆ. ಕಟ್ಟೋನು ಅಣ್ಣ. ಉಪದೇಶ ಮಾಡಿದ ತಮ್ಮ ಅಷ್ಟೊತ್ತಿಗೆ ವೈಟ್‌ಫೀಲ್ಡಿನಲ್ಲಿ ಸ್ಟ್ಯಾಂಡಪ್ ಮೀಟಿಂಗಿನಲ್ಲಿರ್ತಾನೆ.

ಹಾಗಾದ್ರೆ ನಿಜವಾದ ಕಾಯಿಲೆ ಏನು? ಹೇಳ್ತೀನಿ, ಸಿಟ್ಟಾಗಬೇಡಿ. ಒಂದೂವರೆ ಟನ್ನಿನ ಪಿಕಪ್ಪಿಗೆ ಮೂರು ಟನ್ ತೊಗರಿ ಹೇರಿದ್ರೆ ಯಾವ ಇಂಜಿನ್ನೂ ಎಳೆಯಲ್ಲ. ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ಅಂತ ಗೊತ್ತಿದ್ದೂ ಯಾಕೆ ಹೇರ್ತಾನೆ? ಸರಿಯಾದ ತೂಕಕ್ಕೆ ಕೊಡೋ ಬಾಡಿಗೆಯಲ್ಲಿ ಡೀಸೆಲ್, ಟೈರು, ಕಂತು ಮೂರೂ ಹುಟ್ಟಲ್ಲ, ಅದಕ್ಕೆ. ಆ ಕೊರತೆಯನ್ನ ನಾವು ಇಂಜಿನ್ನಿನ ಕೊರತೆ ಅಂತ ಓದ್ತಿದ್ದೀವಿ. ಟ್ಯೂನ್ ಮಾಡಿಸಿದ ಗಾಡಿಗೆ ಮಾರನೇ ದಿನ ಇನ್ನೂ ಹತ್ತು ಚೀಲ ಹೆಚ್ಚು ಬೀಳುತ್ತೆ, ಬಾಡಿಗೆ ಮಾತ್ರ ಅಷ್ಟೇ ಇರುತ್ತೆ. ಲಾಭ ಚೀಲದವನಿಗೆ, ಸವೆತ ಗಾಡಿಯವನಿಗೆ.

ಅಣ್ಣನಿಗೆ ಕೊಡಿಸಲೇಬೇಕು ಅಂತ ನಿಮ್ಮ ಹತ್ರ 30,000 ಇದ್ರೆ ಸಂತೋಷ. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ಅದರಲ್ಲಿ ನಿಂತ ನೀರು ತೆಗೆಸಿ. ಟರ್ಬೋದಿಂದ ಹೋಗೋ ಪೈಪ್ ಸೀಳಿದ್ಯಾ ನೋಡಿಸಿ. ಬ್ರೇಕ್ ಹಿಡ್ಕೊಂಡೇ ಓಡ್ತಿದ್ಯಾ, ಟೈರಿನಲ್ಲಿ ಗಾಳಿ ಸರಿ ಇದ್ಯಾ, ಅಲೈನ್‌ಮೆಂಟ್ ಹೇಗಿದೆ, ಎಲ್ಲ ನೋಡಿಸಿ. ಕಳೆದ ಪವರಿನಲ್ಲಿ ಬಹುಪಾಲು ಇಲ್ಲೇ ಸಿಗುತ್ತೆ. ಉಳಿದ ದುಡ್ಡಿಗೆ ಎರಡು ಒಳ್ಳೆ ಟೈರ್ ಕೊಡಿಸಿ.

ಇನ್ನೊಂದು ಮಾತು. ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರಾದ್ರೂ ಲಾಜಿಸ್ಟಿಕ್ಸ್ ಕಂಪನಿಗಳಲ್ಲಿದ್ದೀರಿ. ಟ್ರಿಪ್ಪಿಗೆ ಎಷ್ಟು ರೇಟ್ ಅಂತ ಲೆಕ್ಕ ಹಾಕೋ ಕೋಡ್ ಬರೆಯೋರು ನೀವೇ. ಅದರಲ್ಲಿ ಗೇಟಿನ ಮುಂದೆ ಕಾಯೋ ತಾಸಿಗೂ ಒಂದು ಕಾಲಂ ಸೇರಿಸಿ. ಆಮೇಲೆ ಊರಿಗೆ ಹೋಗಿ ಅಣ್ಣನನ್ನ ಕೇಳಿ, ಗಾಡಿ ಹೆಂಗ್ ಎಳೀಲತ್ತದ ಅಂತ.