ಇದ್ದ ಊರಿನ ತಂಡ

ದೂರದ ಗುಡ್ಡಗಾಡು ಸೈಕಲ್ ಸ್ಪರ್ಧೆಗಳಿಗೆ ಹೆಸರು ಕೊಡುವಾಗ ತುಂಬುವ ಅರ್ಜಿಯಲ್ಲಿ ‘ತಂಡ’ ಎಂಬ ಅಂಕಣವೊಂದಿರುತ್ತದೆ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಸೈಕಲ್ಲಿನ ಹುಚ್ಚು ಹತ್ತಿಸಿಕೊಂಡವರು ಈಚಿನ ವರ್ಷಗಳಲ್ಲಿ ಕಡಿಮೆಯೇನಿಲ್ಲ. ನಾನು ಕಂಡ ಮಟ್ಟಿಗೆ, ಅವರಲ್ಲಿ ಹಲವರು ಆ ಅಂಕಣದಲ್ಲಿ ಬೆಂಗಳೂರಿನ ಯಾವುದಾದರೊಂದು ತಂಡದ ಹೆಸರು ಬರೆಯುತ್ತಾರೆ, ಇಲ್ಲವೇ ಅದನ್ನು ಖಾಲಿ ಬಿಟ್ಟು ಒಂಟಿಯಾಗಿ ಓಡುತ್ತಾರೆ. ಬೆಂಗಳೂರಿನ ತಂಡಕ್ಕೆ ಹೆಸರಿದೆ, ತರಬೇತುದಾರರಿದ್ದಾರೆ, ಅಂಗಿಯ ಮೇಲೆ ಪ್ರಾಯೋಜಕರ ಮುದ್ರೆಯಿದೆ. ಜೊತೆಗೆ ನಮ್ಮ ನಾಡಿನ ತಂಡ ಎಂಬ ಅಭಿಮಾನವೂ ಇದೆ. ಅಭಿಮಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅನಕಾಪಲ್ಲಿಯಲ್ಲಿ ಬದುಕುತ್ತಿರುವವನು ಅನಕಾಪಲ್ಲಿಯ ತಂಡದಲ್ಲಿಯೇ ಓಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ಈ ಕ್ರೀಡೆಯ ಸ್ವಭಾವವೇ ಅದನ್ನು ಬೇಡುತ್ತದೆ.

ಮೌಂಟನ್ ಬೈಕ್ ಎಂದೊಡನೆ ನಮ್ಮ ಪತ್ರಿಕೆಗಳು ಅಚ್ಚು ಹಾಕುವುದು ಬಂಡೆಯಿಂದ ಹಾರುತ್ತಿರುವ ಒಬ್ಬ ಸವಾರನ ಚಿತ್ರವನ್ನು. ಆಟ ಹುಟ್ಟಿದ್ದು ಹಾಗೆಯೇ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿಯ ಗುಡ್ಡವೊಂದರಿಂದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಕೆಳಕ್ಕೆ ಓಡಿಸಿದ ಗೆಳೆಯರ ಗುಂಪಿನಿಂದ. ಒಂದು ಇಳಿಯುವಿಕೆಗೇ ಹಿಂಬದಿಯ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೋಗಿ ಮತ್ತೆ ತುಂಬಬೇಕಾಗುತ್ತಿತ್ತಂತೆ. ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಅದರಿಂದ. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಕ್ರೀಡೆ ಸೇರಿತು. ಈಗ ಒಲಿಂಪಿಕ್ಸಿನ ಓಟ ಸುಮಾರು ಒಂದೂವರೆ ಗಂಟೆಯೊಳಗೆ ಮುಗಿದು ಹೋಗುತ್ತದೆ. ಅಲ್ಲಿ ಒಬ್ಬನ ಕಾಲು, ಒಬ್ಬನ ಎದೆ, ಒಬ್ಬನ ಪದಕ.

ದೂರದ ಓಟದ ಲೆಕ್ಕವೇ ಬೇರೆ. ಮ್ಯಾರಥಾನ್ ಎಂದು ಕರೆಯುವ ಸ್ಪರ್ಧೆಗಳು 60ರಿಂದ 160 ಕಿಲೋಮೀಟರ್‌ವರೆಗೆ ಇರುತ್ತವೆ. ಕೆಲವು ದಿನಗಟ್ಟಲೆ ನಡೆಯುತ್ತವೆ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಆರಂಭವಾದ 24 ಗಂಟೆಗಳ ಓಟದಲ್ಲಿ ತಂಡದವರು ಸರದಿಯ ಮೇಲೆ ಸುತ್ತು ಹಾಕುತ್ತಿದ್ದರು. ಒಬ್ಬ ದಾರಿಯಲ್ಲಿದ್ದರೆ ಇನ್ನೊಬ್ಬ ಡೇರೆಯಲ್ಲಿ ನಿದ್ದೆ, ಮತ್ತೊಬ್ಬ ಚೈನಿಗೆ ಎಣ್ಣೆ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಇನ್ನೂ ಕಟ್ಟುನಿಟ್ಟು. ಎಂಟು ದಿನ, ಸುಮಾರು 700 ಕಿಲೋಮೀಟರ್, ಇಬ್ಬಿಬ್ಬರ ಜೋಡಿ. ಜೋಡಿಯ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬೀಳಕೂಡದು. ಮುಂದಿನವನಿಗೆ ಎಷ್ಟೇ ದಮ್ಮಿರಲಿ, ಹಿಂದಿನವನನ್ನು ಬಿಟ್ಟು ಗೆಲ್ಲುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕ್ರೀಡೆಯ ತಿರುಳು ಆ ಎರಡು ನಿಮಿಷದ ನಿಯಮದಲ್ಲಿದೆ. ಒಂಟಿ ಓಟವೆಂದು ಹೆಸರಾದದ್ದೂ ನಿಜಕ್ಕೂ ಒಂಟಿಯಲ್ಲ. 2017ರಲ್ಲಿ ಶ್ರೀನಿವಾಸ್ ಗೋಕುಲನಾಥ್ ಅವರು ಅಮೆರಿಕದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಓಡುವ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಒಬ್ಬರೇ ಪೂರೈಸಿದ ಮೊದಲ ಭಾರತೀಯರಾದರು. ಅದು ರಸ್ತೆಯ ಓಟ, ಗುಡ್ಡದ್ದಲ್ಲ. ಆದರೂ ಅಲ್ಲಿ ಸವಾರನ ಹಿಂದೆ ವಾಹನದಲ್ಲಿ ಹಗಲಿರುಳು ಬರುವ ಜನ ಇರದಿದ್ದರೆ ಯಾರೂ ಅರ್ಧ ದಾರಿಯನ್ನೂ ಕಾಣಲಾರರು.

ಇನ್ನು ಅನಕಾಪಲ್ಲಿಯ ನೆಲ. 2022ರ ಏಪ್ರಿಲಿನಲ್ಲಿ ವಿಶಾಖಪಟ್ಟಣದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಈ ಊರನ್ನು ಹೊರಗಿನವರು ಬೆಲ್ಲದ ಮಾರುಕಟ್ಟೆಯಿಂದ ಬಲ್ಲರು. ಇತಿಹಾಸದ ಆಸಕ್ತರು ಶಂಕರಂ ಗ್ರಾಮದ ಬೊಜ್ಜನ್ನಕೊಂಡದ ಬೌದ್ಧ ಸ್ತೂಪಗಳಿಂದ. ಶಾರದಾ ನದಿಯ ಬಯಲಿನ ಕಬ್ಬಿನ ಗದ್ದೆ ದಾಟಿ ಪಡುವಣಕ್ಕೆ ಹೋದರೆ ಪೂರ್ವಘಟ್ಟ ಮೆಲ್ಲಗೆ ಏಳುತ್ತದೆ. ಇಲ್ಲಿನ ಬಂಡೆಗೆ ಭೂವಿಜ್ಞಾನಿಗಳು ಖೊಂಡಲೈಟ್ ಎನ್ನುತ್ತಾರೆ. ಈ ಬೆಟ್ಟಸಾಲಿನ ಖೋಂಡ್ ಜನರ ಹೆಸರಿನಿಂದ ಬಂದ ಹೆಸರು. ಸವೆದಾಗ ಅದು ಕೆಂಪು ಮಣ್ಣಾಗಿ, ಹರಳಾಗಿ ಉದುರುತ್ತದೆ. ಬೇಸಿಗೆಯಲ್ಲಿ ಆ ಹರಳಿನ ಮೇಲೆ ಟೈರು ಗೋಲಿಗಳ ಮೇಲೆ ಉರುಳಿದಂತೆ ಜಾರುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೊರುವ ಕೆಲಸ ನಮಗೇ ಬರುತ್ತದೆ. ಯಾವ ಇಳಿಜಾರಿನಲ್ಲಿ ಗಾಳಿ ಎಷ್ಟು ಇಳಿಸಬೇಕು, ಯಾವ ಗೇರು ಬೆಳೆಸಿದ ತೋಪಿನಲ್ಲಿ ಮುಳ್ಳು ಹೆಚ್ಚು, ಯಾವ ಹಳ್ಳ ಮಧ್ಯಾಹ್ನದ ಹೊತ್ತಿಗೆ ದಾಟಲಾಗದಷ್ಟು ಏರುತ್ತದೆ ಎಂಬುದು ಯಾವ ನಕಾಶೆಯಲ್ಲೂ ಇಲ್ಲ. ಅದು ಇರುವುದು ಈ ದಾರಿಗಳಲ್ಲಿ ಹತ್ತು ವರ್ಷ ತಿರುಗಿದವನ ತಲೆಯಲ್ಲಿ.

ಮಣ್ಣಿಗಿಂತ ದೊಡ್ಡ ಎದುರಾಳಿ ಇಲ್ಲಿನ ಸೆಕೆ. ಕಡಲ ಗಾಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಮೈ ತಣಿಯುವುದಿಲ್ಲ. ಕಷ್ಟದ ಏರಿನಲ್ಲಿ ಗಂಟೆಗೆ ಒಂದು ಲೀಟರಿಗೂ ಮೀರಿ ಬೆವರು ಹರಿಯುತ್ತದೆ, ಉಪ್ಪೂ ಅದರ ಜೊತೆಗೇ ಹೋಗುತ್ತದೆ. ಬೆಂಗಳೂರಿನ ಹಿತವಾದ ಹವೆಯಲ್ಲಿ ಪಳಗಿದ ವೇಳಾಪಟ್ಟಿಯನ್ನು ಫೋನಿನಲ್ಲಿ ತರಿಸಿಕೊಂಡು ಇಲ್ಲಿ ಪಾಲಿಸಹೊರಟವನು ಎರಡನೆಯ ಗಂಟೆಯಲ್ಲೇ ಯಾವುದಾದರೂ ತಾಳೆಮರದ ಬುಡದಲ್ಲಿ ಕುಳಿತಿರುತ್ತಾನೆ. ಇಲ್ಲಿನ ತಂಡ ಬೆಳಗಿನ ನಾಲ್ಕಕ್ಕೆ ಹೊರಡುತ್ತದೆ, ಒಂಬತ್ತಕ್ಕೆ ನೆರಳು ಹುಡುಕುತ್ತದೆ.

ಹೊಟ್ಟೆಯ ವಿಷಯವೂ ಹಾಗೆಯೇ. ದೂರದ ಓಟದಲ್ಲಿ ಗಂಟೆಗೆ 60ರಿಂದ 90 ಗ್ರಾಂ ಶರ್ಕರ ಒಳಗೆ ಹೋಗುತ್ತಿರಬೇಕು ಎನ್ನುತ್ತಾರೆ ಬಲ್ಲವರು. ಅದಕ್ಕೆಂದು ವಿದೇಶದ ಜೆಲ್ ಪೊಟ್ಟಣಗಳು ಬರುತ್ತವೆ. ಒಂದೊಂದರ ಬೆಲೆಯಲ್ಲಿ ಒಂದು ಊಟವಾಗುತ್ತದೆ. ಬೆಲ್ಲದ ಪೇಟೆಯಲ್ಲಿ ಕುಳಿತು ಅದನ್ನು ತರಿಸುವುದು ನನಗೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ಎಪ್ಪತ್ತು ಗ್ರಾಂ ಬೆಲ್ಲದಲ್ಲಿ ಗಂಟೆಯ ಕನಿಷ್ಠ ಪಾಲು ಹೆಚ್ಚುಕಡಿಮೆ ಬಂದುಬಿಡುತ್ತದೆ. ನಮ್ಮ ತಂಡದವರು ಒಯ್ಯುವುದು ಬೆಲ್ಲ, ಹುರಿದ ಕಡಲೆಕಾಯಿ, ಉಪ್ಪು ನಿಂಬೆ ಬೆರೆಸಿದ ಪಾನಕ. ವಿಜಯವಾಡದ ಬಳಿಯ ಮಂಗಳಗಿರಿಯಲ್ಲಿ ಪಾನಕವನ್ನೇ ನೈವೇದ್ಯವಾಗಿ ಸ್ವೀಕರಿಸುವ ನರಸಿಂಹನಿದ್ದಾನೆ. ಅರ್ಪಿಸಿದ್ದರಲ್ಲಿ ಅರ್ಧ ಕುಡಿದು ಅರ್ಧ ಮರಳಿಸುತ್ತಾನೆ ಎಂಬುದು ಭಕ್ತರ ನಂಬಿಕೆ. ನೀರಿನ ಬಾಟಲಿ ಹಂಚಿಕೊಳ್ಳುವ ಶಿಸ್ತನ್ನು ಅವನಿಂದಲೇ ಕಲಿತದ್ದು ಎಂದು ನಮ್ಮಲ್ಲಿ ಒಬ್ಬರು ತಮಾಷೆ ಮಾಡುವುದುಂಟು.

ತಂಡ ಎಂದರೆ ಯಾರು? ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ಶಾಲೆಯ ಮೇಷ್ಟರೊಬ್ಬರು, ವಿಶಾಖಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಇಬ್ಬರು, ಕಾಲೇಜಿನ ಹುಡುಗಿಯೊಬ್ಬಳು, ಸೈಕಲ್ ರಿಪೇರಿ ಅಂಗಡಿಯವರು. ಕೊನೆಯವರು ಸ್ಪರ್ಧೆಯಲ್ಲಿ ಓಡುವುದಿಲ್ಲ. ಆದರೆ ಅವರಿಲ್ಲದೆ ಯಾರೂ ಓಡುವುದಿಲ್ಲ. ಆ ವಾರದ ನಿಧಾನದ ಸವಾರ ಯಾರೋ ಅವರ ವೇಗವೇ ತಂಡದ ವೇಗ. ಏರಿನ ತುದಿಯಲ್ಲಿ ಎಲ್ಲರೂ ಕೂಡುವವರೆಗೆ ಯಾರೂ ಮುಂದಕ್ಕೆ ಹೋಗುವಂತಿಲ್ಲ. ಆಫ್ರಿಕಾದ ನಿಯಮಪುಸ್ತಕವನ್ನು ಇವರಲ್ಲಿ ಯಾರೂ ಓದಿದವರಲ್ಲ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಈ ಬಳಗದ ಓದುಗರಿಗೆ ಅದೇ ಮುಖ್ಯವೂ ಆಗಬಹುದು. ಕಡಿದಾದ ಇಳಿಜಾರಿನಲ್ಲಿ ಹಿಂದಿನಿಂದ ತೆಲುಗಿನವರು ಕೂಗುವುದು ‘ನೆಮ್ಮದಿಗಾ!’ ಎಂದು. ನಮ್ಮ ಕಿವಿಗೆ ಅದು ಮನಶ್ಶಾಂತಿಯ ಹಾರೈಕೆಯಂತೆ ಕೇಳುತ್ತದೆ. ತೆಲುಗಿನಲ್ಲಿ ಅದರ ಅರ್ಥ ‘ನಿಧಾನವಾಗಿ’. ಅದಕ್ಕಿಂತ ಅಪಾಯದ್ದು ‘ಆಗು’. ಕನ್ನಡದಲ್ಲಿ ಅದು ಏನಾದರೂ ಆಗುವುದು, ಬೆಳೆಯುವುದು, ಮುಂದುವರಿಯುವುದು, ತೆಲುಗಿನಲ್ಲಿ ನಿಲ್ಲು. ತಿರುವಿನಾಚೆ ಎತ್ತಿನ ಗಾಡಿ ನಿಂತಿರುವಾಗ ಈ ಎರಡರ ನಡುವಿನ ವ್ಯತ್ಯಾಸ ನಿಘಂಟಿನ ವಿಷಯವಾಗಿ ಉಳಿಯುವುದಿಲ್ಲ. ನಮ್ಮ ‘ಎಡ’ಕ್ಕೆ ಅವರ ‘ಎಡಮ’ ಹೊಂದಿಕೊಂಡು ಬರುತ್ತದೆ, ‘ಬಲ’ಕ್ಕೆ ಮಾತ್ರ ‘ಕುಡಿ’ ಎಂಬ ಬೇರೆಯೇ ಮಾತಿದೆ; ನೀರು ಕುಡಿ ಎಂದುಕೊಂಡು ಬಾಟಲಿಗೆ ಕೈ ಹಾಕಿದರೆ ಕೆಲಸ ಕೆಟ್ಟಿತು. ಎರಡು ಸೋದರ ಭಾಷೆಗಳ ನಡುವಿನ ಇಂಥ ಸೂಕ್ಷ್ಮಗಳನ್ನು ನಾವು ಸಭೆಗಳಲ್ಲಿ ರಸವಾಗಿ ಹಂಚಿಕೊಳ್ಳುತ್ತೇವೆ. ಮೈಯೊಳಕ್ಕೆ ಇಳಿಯುವುದು ಮಾತ್ರ ಬ್ರೇಕು ಹಿಡಿಯುವ ಬೆರಳುಗಳ ಮೂಲಕ. ಇಪ್ಪತ್ತು ವರ್ಷ ಇದೇ ಸೀಮೆಯಲ್ಲಿದ್ದು ತರಕಾರಿ ಕೊಳ್ಳುವಷ್ಟು ತೆಲುಗನ್ನು ಮಾತ್ರ ಕಲಿತವರನ್ನು ನಾನು ಬಲ್ಲೆ. ಅವರು ಕೆಟ್ಟವರಲ್ಲ, ಅವರಿಗೆ ಅದಕ್ಕಿಂತ ಹೆಚ್ಚಿನ ತೆಲುಗು ಬೇಕಾಗುವ ಸಂದರ್ಭವೇ ಬರಲಿಲ್ಲ. ತಂಡ ಅಂಥ ಸಂದರ್ಭವನ್ನು ತರುತ್ತದೆ.

ವಿರೋಧದ ಮಾತನ್ನು ನಾನು ಕೇಳಿದ್ದೇನೆ. ನಾಡಿನಿಂದ ದೂರವಿರುವವರಿಗೆ ನಾಡಿನೊಂದಿಗೆ ಉಳಿದಿರುವ ಎಳೆಗಳೇ ಕೆಲವು. ಅದರಲ್ಲಿ ಇದನ್ನೂ ಕತ್ತರಿಸಬೇಕೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಕರ್ನಾಟಕದ ಸೈಕಲ್ ಕ್ರೀಡೆಯನ್ನೇ ನೋಡಿ. ಅದರ ಬೆನ್ನೆಲುಬು ರಾಜಧಾನಿಯಲ್ಲಿಲ್ಲ, ವಿಜಯಪುರ ಬಾಗಲಕೋಟೆ ಜಿಲ್ಲೆಗಳಲ್ಲಿದೆ. ಜಾತ್ರೆಯ ಸೈಕಲ್ ಪಂದ್ಯಗಳನ್ನು ನೋಡುತ್ತ ಬೆಳೆದ, ಕ್ರೀಡಾನಿಲಯದ ಊಟ ಉಂಡು ಬಿರುಬಿಸಿಲಿನ ರಸ್ತೆಯಲ್ಲಿ ಅಭ್ಯಾಸ ಮಾಡಿದ ರೈತರ ಮಕ್ಕಳು ಅಲ್ಲಿಂದ ರಾಷ್ಟ್ರೀಯ ಸ್ಪರ್ಧೆಗಳಿಗೆ ಹೋದರು. ವಿಜಯಪುರದ ವೆಲೋಡ್ರೋಮ್ ವರ್ಷಗಟ್ಟಲೆ ಮುಗಿಯದೆ ಎಳೆದಾಡಿದಾಗಲೂ ಸವಾರರು ಹುಟ್ಟುತ್ತಲೇ ಇದ್ದರು. ಅವರನ್ನು ಬೆಳೆಸಿದ್ದು ಊರು. ಹಿರಿಯ ಸವಾರ ಕಿರಿಯನಿಗೆ ತನ್ನ ಹಳೆಯ ಚಕ್ರ ಕೊಡುವ, ಸೋತು ಬಂದವನಿಗೆ ಮರುದಿನ ಬೆಳಗ್ಗೆ ಬಾಗಿಲು ತಟ್ಟುವ ಪದ್ಧತಿ. ವಿಜಯಪುರದಿಂದ ಕಲಿಯಬೇಕಾದದ್ದು ಇದೇ ಆದರೆ, ಅದನ್ನು ಅನಕಾಪಲ್ಲಿಯಲ್ಲಿ ನಡೆಸಿದವನೇ ಕರ್ನಾಟಕಕ್ಕೆ ಹತ್ತಿರವಿದ್ದಾನೆ, ಬೆಂಗಳೂರಿನ ಅಂಗಿಯನ್ನು ಅಂಚೆಯಲ್ಲಿ ತರಿಸಿಕೊಂಡವನಲ್ಲ.

ನಿಜವಾದ ಇಕ್ಕಟ್ಟು ಮಕ್ಕಳದ್ದು. ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆ ನಡೆಯುವುದು ರಾಜ್ಯದ ಲೆಕ್ಕದಲ್ಲಿ. ವಿಶಾಖಪಟ್ಟಣದಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ ಗುಡ್ಡ ಹತ್ತುವುದರಲ್ಲಿ ಗಟ್ಟಿಗಳಾದರೆ, ಅವಳು ಆಂಧ್ರದ ಹೆಸರಿನಲ್ಲಿ ಕರ್ನಾಟಕದವರ ಎದುರು ಓಡಬೇಕಾಗುತ್ತದೆ. ಮನೆಯಲ್ಲಿ ಅಜ್ಜಿಗೆ ಇದು ಒಪ್ಪಿಗೆಯಾಗುವುದಿಲ್ಲ. ಅಪ್ಪನೂ ‘ಬೆಂಗಳೂರಿನಲ್ಲಿ ಚಿಕ್ಕಪ್ಪನ ವಿಳಾಸ ಕೊಡೋಣ’ ಎನ್ನುತ್ತಾನೆ. ಆ ವಿಳಾಸದಿಂದ ಅವಳಿಗೆ ಏನು ಸಿಗುತ್ತದೆ? ಜೊತೆಗೆ ಅಭ್ಯಾಸ ಮಾಡುವವರು ಸಿಗುವುದಿಲ್ಲ, ಗುರುತಿಸುವ ತರಬೇತುದಾರ ಸಿಗುವುದಿಲ್ಲ, ಆಯ್ಕೆಯ ದಿನ ಅಪರಿಚಿತರ ನಡುವೆ ಅಪರಿಚಿತಳಾಗಿ ನಿಲ್ಲುತ್ತಾಳೆ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು ಆಟವನ್ನೇ ಬಿಟ್ಟ ಮಕ್ಕಳಿದ್ದಾರೆ. ಕನ್ನಡ ಮನೆಯಲ್ಲಿ ಉಳಿಯಲಿ, ಓದಿನಲ್ಲಿ ಉಳಿಯಲಿ, ಅದಕ್ಕಾಗಿ ನಾವು ಹೋರಾಡೋಣ. ಅದನ್ನು ಮಗುವಿನ ಬೆನ್ನಿಗಂಟಿಸಿದ ಸಂಖ್ಯೆಯ ಮೇಲೆ ಉಳಿಸಲು ಹೋಗುವುದು ಬೇಡ.

ಊರಿನ ತಂಡವನ್ನು ನಾನು ಆದರ್ಶವಾಗಿ ಚಿತ್ರಿಸುತ್ತಿಲ್ಲ. ಒಳ್ಳೆಯ ಮೌಂಟನ್ ಬೈಕ್ ಈಗಲೂ ಸಂಬಳದಾರರ ವಸ್ತು. ಘಾಟಿಯ ದಾರಿಯಲ್ಲಿ ನಾವು ಲಕ್ಷದ ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತಿರುವಾಗ ಹೊರೆ ಕಟ್ಟಿದ ಕಬ್ಬಿಣದ ಸೈಕಲ್ಲನ್ನು ತಳ್ಳಿಕೊಂಡು ಪಕ್ಕದಲ್ಲೇ ಏರುವವನಿಗೆ ಯಾರೂ ಪದಕ ಕೊಡುವುದಿಲ್ಲ. ಅನಂತಗಿರಿ, ಅರಕು, ಪಾಡೇರುಗಳ ಕಡೆಗಿನ ಬೆಟ್ಟಗಳು ಆದಿವಾಸಿಗಳ ನೆಲ. ಕಾಫಿ ಗಿಡಗಳ ನಡುವಿನ ಕಾಲುದಾರಿ ಯಾರದೋ ಹೊಲದ ಅಂಚು, ಯಾರದೋ ನೀರಿನ ದಾರಿ. ವಿಶಾಖಪಟ್ಟಣದ ಅಂಚಿನ ಕಂಬಾಲಕೊಂಡ ಅಭಯಾರಣ್ಯ. ಭೀಮುನಿಪಟ್ಟಣದ ಬಳಿಯ ಕೆಂಪು ಮರಳಿನ ದಿಬ್ಬಗಳಂತೂ ಚಕ್ರದ ಒಂದು ಗೀರನ್ನೂ ಸಹಿಸಲಾರದಷ್ಟು ಸೂಕ್ಷ್ಮವಾದ ಸಂರಕ್ಷಿತ ತಾಣ. ಹೊರಗಿನಿಂದ ಬಂದು, ನಕಾಶೆಯ ಗೆರೆ ಹಿಡಿದು ಒಂದು ದಿನ ಓಡಿ ಹೋಗುವವನಿಗೆ ಇದಾವುದೂ ಕಾಣದು. ಯಾವ ಹಳ್ಳಿಯಲ್ಲಿ ಯಾರನ್ನು ಕೇಳಿ ಮುಂದುವರಿಯಬೇಕು, ಯಾವ ದಾರಿಯನ್ನು ಸುಗ್ಗಿ ಮುಗಿಯುವವರೆಗೆ ಮುಟ್ಟಬಾರದು ಎಂಬುದನ್ನು ಊರಿನ ತಂಡ ಬಲ್ಲದು. ಮುಂದಿನ ವಾರವೂ ಅದೇ ದಾರಿಯಲ್ಲಿ ಹೋಗಬೇಕಾಗಿರುವುದರಿಂದ ಮರ್ಯಾದೆಯನ್ನೂ ಕಾಯುತ್ತದೆ.

ಈ ಭಾಗದ ಕನ್ನಡಿಗರ ಸಭೆಗಳಲ್ಲಿ ಕೃಷ್ಣದೇವರಾಯನ ಪ್ರಸ್ತಾಪ ತಪ್ಪುವುದಿಲ್ಲ. 1516ರಲ್ಲಿ ಸಿಂಹಾಚಲಕ್ಕೆ ಬಂದ, ದೇವರಿಗೆ ಒಡವೆ ಅರ್ಪಿಸಿದ, ಶಾಸನ ಬರೆಸಿದ. ಕೇಳಲು ಹೆಮ್ಮೆಯಾಗುತ್ತದೆ, ಆದರೆ ಅವನು ಬಂದದ್ದು ದಂಡಯಾತ್ರೆಯಲ್ಲಿ, ಹಿಂದಿರುಗಿಯೂ ಹೋದ. ಇಲ್ಲಿಯೇ ಮನೆ ಕಟ್ಟಿ ತೆರಿಗೆ ಕಟ್ಟುವ ನಮಗೆ ಬೇರೆ ಮಾದರಿ ಬೇಕು.

ಕಡೆಗೆ ಒಂದು ಸಲಹೆ, ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳ ಗಮನಕ್ಕೆ. ನಮ್ಮ ರಾಜ್ಯೋತ್ಸವದ ನವೆಂಬರ್ 1 ಆಂಧ್ರಪ್ರದೇಶದ ಅವತರಣ ದಿನವೂ ಹೌದು. ಎರಡೂ ರಾಜ್ಯಗಳು 1956ರ ಅದೇ ದಿನ ರೂಪುಗೊಂಡವು. ಮುಂಗಾರಿನ ಕೆಸರು ಅಷ್ಟರಲ್ಲಿ ಇಳಿದಿರುತ್ತದೆ, ಬೆಳಗುಗಳು ತಂಪಾಗತೊಡಗಿರುತ್ತವೆ, ದೂರದ ಓಟದ ಅಭ್ಯಾಸ ಆರಂಭವಾಗುವುದೂ ಆಗಲೇ. ಸಭಾಂಗಣದ ಕಾರ್ಯಕ್ರಮ ಸಂಜೆಗೆ ಇರಲಿ. ಬೆಳಗ್ಗೆ ಅನಕಾಪಲ್ಲಿಯಿಂದ ಚೋಡವರಂ ದಾರಿಯಲ್ಲಿ ಊರಿನ ತಂಡದೊಂದಿಗೆ ಒಂದು ಸವಾರಿ ಏರ್ಪಡಿಸಬಹುದು. ಸವಾರಿ ಮಾಡದವರು ದಾರಿಯಲ್ಲಿ ಎರಡು ಕಡೆ ಮೇಜು ಹಾಕಿ ನೀರು, ಪಾನಕ, ಪಂಕ್ಚರಿನ ಸಾಮಾನು ಇಟ್ಟುಕೊಂಡು ಕುಳಿತಿರಲಿ. ಖರ್ಚು ಒಂದು ವೇದಿಕೆಯ ಹೂವಿನ ಅಲಂಕಾರಕ್ಕಿಂತ ಕಡಿಮೆ. ತಂಡದವರನ್ನು ನಾನು ಕೇಳಿದ್ದೇನೆ, ಅವರು ಸಿದ್ಧರಿದ್ದಾರೆ. ಬೆಳಗಿನ ನಾಲ್ಕಕ್ಕೆ ಏಳುವುದಕ್ಕೆ ನಮ್ಮವರನ್ನು ಒಪ್ಪಿಸುವುದಷ್ಟೇ ಬಾಕಿ.