ಊರುಗಳು ಕೂಡಿದ ಊರು: ಬರ್ಲಿನ್

ಪರಸ್ಥಳದಲ್ಲಿ ಬರ್ಲಿನ್ನಿನವನೊಬ್ಬನನ್ನು ಊರು ಯಾವುದೆಂದು ವಿಚಾರಿಸಿದರೆ ಆತ ಬರ್ಲಿನ್ ಎನ್ನುತ್ತಾನೆ. ಅದೇ ಪ್ರಶ್ನೆಯನ್ನು ಬರ್ಲಿನ್ನಿನಲ್ಲಿಯೇ ಕೇಳಿದರೆ ಕ್ರಾಯ್ಟ್ಸ್‌ಬೆರ್ಗ್ ಎಂದೋ, ವೆಡ್ಡಿಂಗ್ ಎಂದೋ, ನಾಯ್‌ಕೋಲ್ನ್ ಎಂದೋ ಉತ್ತರ ಬರುತ್ತದೆ. ಮನೆಯ ಸುತ್ತಣ ನಾಲ್ಕಾರು ಬೀದಿ, ರೊಟ್ಟಿಯ ಅಂಗಡಿ, ಮಕ್ಕಳಾಡುವ ಚೌಕ ಇಷ್ಟನ್ನು ಆತ ‘ಕೀತ್ಸ್’ ಎಂದು ಅಕ್ಕರೆಯಿಂದ ಕರೆಯುತ್ತಾನೆ. ಕನ್ನಡದ ‘ಕೇರಿ’ ಎಂಬ ಮಾತಿಗೆ ಅದು ಸಮೀಪವಾದುದು. ವಿನೋದವೆಂದರೆ, ಆ ಮಾತು ಮೂಲತಃ ಜರ್ಮನ್ ಅಲ್ಲ. ಜರ್ಮನರಿಗಿಂತ ಮೊದಲು ಆ ಸೀಮೆಯಲ್ಲಿ ನೆಲಸಿದ್ದ ಸ್ಲಾವ್ ಜನರಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಗರದ ಆಗ್ನೇಯಕ್ಕಿರುವ ಕೋಪೆನಿಕ್‌ನಲ್ಲಿ, ನೀರಿನ ಅಂಚಿನಲ್ಲಿ, ಹಳೆಯ ಮೀನುಗಾರರ ಕೇರಿಯೊಂದು ಇಂದಿಗೂ ಇದೇ ಹೆಸರನ್ನು ಹೊತ್ತು ನಿಂತಿದೆ.

ಇಂದು ಕಾಣುವ ವಿಶಾಲ ಬರ್ಲಿನ್ ಹುಟ್ಟಿದುದು ೧೯೨೦ರಲ್ಲಿ. ಆ ವರ್ಷದ ಕಾಯಿದೆಯೊಂದು ಹಳೆಯ ಬರ್ಲಿನ್ನಿಗೆ ಏಳು ಪಟ್ಟಣಗಳನ್ನೂ ೫೯ ಗ್ರಾಮಗಳನ್ನೂ ೨೭ ಜಹಗೀರುಗಳನ್ನೂ ಕೂಡಿಸಿತು. ಹತ್ತೊಂಬತ್ತು ಲಕ್ಷದ ನಗರ ಒಂದೇ ದಿನದಲ್ಲಿ ಮೂವತ್ತೆಂಟು ಲಕ್ಷದ ಮಹಾನಗರವಾಯಿತು. ಆದರೆ ಶಾರ್ಲೊಟ್ಟೆನ್‌ಬುರ್ಗ್, ಶ್ಪಾಂಡೌ ಮೊದಲಾದ ಹಳೆಯ ಪಟ್ಟಣಗಳು ತಮ್ಮ ಪುರಭವನಗಳನ್ನೂ ತಮ್ಮ ಪೇಟೆಬೀದಿಗಳನ್ನೂ ಬಿಟ್ಟುಕೊಡಲಿಲ್ಲ. ಆದಕಾರಣವೇ ಬರ್ಲಿನ್ನಿಗೆ ನಡು ಒಂದಲ್ಲ, ಹಲವು.

ಈ ಕೇರಿಗಳನ್ನು ಕಟ್ಟಿದವರಾರು ಎಂದು ಕೇಳುತ್ತ ಹೋದರೆ ಸ್ವಾರಸ್ಯವಾದ ಉತ್ತರ ದೊರೆಯುತ್ತದೆ: ಬಹುಮಟ್ಟಿಗೆ ಹೊರಗಿನವರು. ೧೬೮೫ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತನ್ನ ಪ್ರಾಟೆಸ್ಟೆಂಟ್ ಪ್ರಜೆಗಳಿಗಿದ್ದ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡಾಗ, ಬ್ರಾಂಡೆನ್‌ಬುರ್ಗ್‌ನ ದೊರೆ ಫ್ರೀಡ್ರಿಶ್ ವಿಲ್‌ಹೆಲ್ಮ್ ಅವರನ್ನು ತನ್ನ ನಾಡಿಗೆ ಆಹ್ವಾನಿಸಿದನು. ಇದು ಕೇವಲ ಕರುಣೆಯಲ್ಲ. ಮೂವತ್ತು ವರ್ಷಗಳ ಯುದ್ಧದಿಂದ ಬರಿದಾಗಿದ್ದ ನಾಡಿಗೆ ಕುಶಲಕರ್ಮಿಗಳು ಬೇಕಾಗಿದ್ದರು. ೧೭೦೦ರ ಸುಮಾರಿಗೆ ಬರ್ಲಿನ್ನಿನ ಐವರಲ್ಲಿ ಒಬ್ಬನು ಫ್ರೆಂಚನಾಗಿದ್ದನೆಂದು ಹೇಳಲಾಗುತ್ತದೆ. ಅವರು ಕಟ್ಟಿದ ಇಗರ್ಜಿ ಝಾಂಡಾರ್ಮೆನ್‌ಮಾರ್ಕ್ಟ್ ಚೌಕದಲ್ಲಿ ನಗರದ ಶೋಭೆಯಾಗಿ ನಿಂತಿದೆ.

೧೭೩೭ರಲ್ಲಿ ಬೊಹೀಮಿಯಾದ ಪ್ರಾಟೆಸ್ಟೆಂಟರು ಇದೇ ರೀತಿ ಆಶ್ರಯವನ್ನರಸಿ ಬಂದು ರಿಕ್ಸ್‌ಡೋರ್ಫ್ ಹಳ್ಳಿಯ ಪಕ್ಕದಲ್ಲಿ ನೆಲಸಿದರು. ಕಾಲಕ್ರಮದಲ್ಲಿ ಆ ಹಳ್ಳಿ ದೊಡ್ಡ ಪಟ್ಟಣವಾಗಿ, ನೃತ್ಯಶಾಲೆಗಳಿಗೂ ಪಾನಗೃಹಗಳಿಗೂ ಕುಖ್ಯಾತವಾಯಿತು. ಅಪಕೀರ್ತಿಗೆ ಹೆದರಿದ ಪುರಪ್ರಮುಖರು ೧೯೧೨ರಲ್ಲಿ ಊರಿನ ಹೆಸರನ್ನೇ ‘ನಾಯ್‌ಕೋಲ್ನ್’ ಎಂದು ಬದಲಿಸಿದರು. ಹೆಸರು ಬದಲಾದ ಮಾತ್ರಕ್ಕೆ ಕುಡಿತವೂ ಕುಣಿತವೂ ನಿಲ್ಲಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ! ಅದೇ ವರ್ಷ ಬೊಹೀಮಿಯನರ ವಂಶಸ್ಥರು ತಮ್ಮ ಹಿರಿಯರಿಗೆ ನೆಲೆ ಕೊಟ್ಟ ಅರಸನ ಪ್ರತಿಮೆಯೊಂದನ್ನು ಕೃತಜ್ಞತೆಯಿಂದ ನಿಲ್ಲಿಸಿದರು. ಎತ್ತರದ ಕಟ್ಟಡಗಳ ನಡುವೆ ಅವರ ತಗ್ಗು ಮನೆಗಳು ಈಗಲೂ ಇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಎದ್ದಂತೆ ಸಿಲೇಸಿಯಾ, ಪೊಮೆರೇನಿಯಾಗಳ ಬಡವರು ವೆಡ್ಡಿಂಗ್ ಮುಂತಾದ ಕಡೆಗೆ ಹರಿದುಬಂದರು. ಅವರಿಗಾಗಿ ಎದ್ದ ವಠಾರಗಳಿಗೆ ‘ಬಾಡಿಗೆಯ ಬ್ಯಾರಕ್ಕು’ಗಳೆಂದೇ ಹೆಸರಾಯಿತು. ಬೀದಿಗೆ ಮುಖಮಾಡಿದ ಮನೆಯ ಹಿಂದೆ ಅಂಗಳ, ಅದರ ಹಿಂದೆ ಮನೆ, ಮತ್ತೆ ಅಂಗಳ. ಅಂಗಳದ ಅಳತೆಯನ್ನು ನಿರ್ಧರಿಸಿದುದು ಬೆಳಕಲ್ಲ, ಗಾಳಿಯಲ್ಲ. ಬೆಂಕಿಯಾರಿಸುವ ಬಂಡಿ ತಿರುಗಲು ಬೇಕಾದ ಐದು ಮೀಟರಿಗಿಂತ ತುಸು ಹೆಚ್ಚಿನ ಚೌಕ!

ನಗರದ ನಡುವಣ ಶಾಯ್ನೆನ್‌ಫಿರ್ಟೆಲ್, ಅಂದರೆ ಕಣಜಗಳ ಕೇರಿ, ಪೂರ್ವ ಯೂರೋಪಿನಿಂದ ಓಡಿಬಂದ ಬಡ ಯಹೂದಿಗಳ ಆಸರೆಯಾಗಿದ್ದಿತು. ೧೯೩೩ರಲ್ಲಿ ಬರ್ಲಿನ್ನಿನಲ್ಲಿ ಸುಮಾರು ೧,೬೦,೦೦೦ ಯಹೂದಿಗಳಿದ್ದರು. ನಾಜಿಗಳ ಆಳ್ವಿಕೆಯಲ್ಲಿ ಅವರಲ್ಲಿ ೫೫,೦೦೦ಕ್ಕೂ ಹೆಚ್ಚು ಮಂದಿ ಕೊಲೆಗೀಡಾದರು. ಉಳಿದವರಲ್ಲಿ ಬಹುಪಾಲು ಜನ ದೇಶಾಂತರ ಹೋದರು. ಆಶ್ರಯ ಕೊಟ್ಟು ಬೆಳೆದ ನಗರ ತನ್ನವರನ್ನೇ ಬೇಟೆಯಾಡಿದ ಕಾಲವದು. ಈಗ ಕಾಲುದಾರಿಗಳಲ್ಲಿ, ಅವರ ಮನೆಗಳ ಬಾಗಿಲ ಮುಂದೆ, ಅಂಗೈಯಗಲದ ಹಿತ್ತಾಳೆಯ ‘ಎಡವುಗಲ್ಲು’ಗಳನ್ನು ಕಾಣಬಹುದು. ಗುಂಟರ್ ಡೆಮ್ನಿಗ್ ಎಂಬ ಕಲಾವಿದನು ೧೯೯೬ರಲ್ಲಿ ಬರ್ಲಿನ್ನಿನಲ್ಲಿ ಇವನ್ನು ಹುದುಗಿಸಲಾರಂಭಿಸಿದನು. ಒಂದು ಕಲ್ಲಿನಲ್ಲಿ ಒಬ್ಬರ ಹೆಸರು. ಓದಬೇಕಾದರೆ ತಲೆ ಬಾಗಿಸಲೇಬೇಕು.

೧೯೬೧ರ ಆಗಸ್ಟ್ ೧೩ರಂದು ಕೇರಿಗಳ ನಡುವೆಯೇ ಗೋಡೆಯೆದ್ದಿತು. ಬೆರ್ನಾವರ್ ಬೀದಿಯ ಒಂದು ಮಗ್ಗುಲಲ್ಲಿ ಮನೆಗಳು ಪೂರ್ವಕ್ಕೂ ಅವುಗಳ ಮುಂದಣ ಕಾಲುದಾರಿ ಪಶ್ಚಿಮಕ್ಕೂ ಸೇರಿದ್ದವು. ಕಿಟಕಿಯಿಂದ ಧುಮುಕಿ ಪ್ರಾಣ ತೆತ್ತವರೂ ಉಂಟು. ಪೂರ್ವದಿಂದ ಬರುವವರು ನಿಂತುಹೋದ ಆ ವರ್ಷವೇ, ಅಕ್ಟೋಬರಿನಲ್ಲಿ, ಪಶ್ಚಿಮ ಜರ್ಮನಿ ತುರ್ಕಿಯೊಡನೆ ಕಾರ್ಮಿಕರ ಒಪ್ಪಂದ ಮಾಡಿಕೊಂಡಿತು. ಗೋಡೆಯ ಬದಿಗೆ ಬಿದ್ದು ಬಾಡಿಗೆ ಅಗ್ಗವಾಗಿದ್ದ ಕ್ರಾಯ್ಟ್ಸ್‌ಬೆರ್ಗ್ ಅವರ ನೆಲೆಯಾಯಿತು.

ಅಲ್ಲಿ ಒಂದು ಮೂಲೆಯಲ್ಲಿ ಗೋಡೆಯನ್ನು ನೇರವಾಗಿ ಎಳೆದುದರಿಂದ ಪೂರ್ವಕ್ಕೆ ಸೇರಿದ ಮೂರು ಮೂಲೆಯ ತುಂಡು ನೆಲವೊಂದು ಪಶ್ಚಿಮದ ಕಡೆ ಉಳಿಯಿತು. ಕಸದ ತಿಪ್ಪೆಯಾಗಿದ್ದ ಅದನ್ನು ೧೯೮೦ರ ದಶಕದ ಆರಂಭದಲ್ಲಿ ಉಸ್ಮಾನ್ ಕಾಲಿನ್ ಎಂಬ ತುರ್ಕಿ ವಲಸಿಗನು ಶುಚಿಮಾಡಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದನು. ಪಶ್ಚಿಮದವರಿಗೆ ಆ ನೆಲದ ಮೇಲೆ ಅಧಿಕಾರವಿಲ್ಲ; ಪೂರ್ವದ ಕಾವಲುಗಾರರು ಬಂದು ನೋಡಿ ಸುಮ್ಮನಾದರು. ಎರಡು ರಾಜ್ಯಗಳ ನಡುವೆ ಮುದುಕನು ಹಳೆಯ ಹಲಗೆಗಳಿಂದ ಗುಡಿಸಲನ್ನೂ ಕಟ್ಟಿಕೊಂಡನು. ೧೯೮೯ರ ನವೆಂಬರ್ ೯ರಂದು ಗೋಡೆ ತೆರೆಯಿತು, ಬಳಿಕ ಉರುಳಿತು, ಗುಡಿಸಲು ಉಳಿಯಿತು. ೨೦೧೮ರಲ್ಲಿ ಆತ ತೀರಿಕೊಂಡನು.

ಗೋಡೆಯ ಅಂಚು ಮತ್ತೆ ನಗರದ ನಡುವಾದಾಗ ಬಾಡಿಗೆಯೂ ಏರಿತು. ಬರ್ಲಿನ್ನಿನವರಲ್ಲಿ ಬಹುಪಾಲು ಬಾಡಿಗೆದಾರರು. ೨೦೨೧ರ ಸೆಪ್ಟೆಂಬರಿನ ಜನಮತದಲ್ಲಿ ಶೇಕಡ ೫೭ಕ್ಕೂ ಹೆಚ್ಚು ಮತಗಳು ದೊಡ್ಡ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಸ್ವತ್ತಾಗಿಸಬೇಕೆಂಬ ಕಡೆಗೆ ಬಿದ್ದವು. ಆದರೆ ಅದು ಸರಕಾರವನ್ನು ಕಟ್ಟಿಹಾಕುವ ಕಾಯಿದೆಯಾಗಿರಲಿಲ್ಲ. ದೊರೆಯ ಕೋಪದಿಂದಲೂ ಹಸಿವಿನಿಂದಲೂ ಓಡಿಬಂದವರಿಗೆ ಬರ್ಲಿನ್ನಿನ ಕೇರಿಗಳು ಎಡೆಕೊಟ್ಟವು, ಅವರಿಂದಲೇ ಬೆಳೆದವು. ಇನ್ನು ಮುಂದೆ ಬರಿಗೈಯಲ್ಲಿ ಬರುವವನಿಗೂ ಅಲ್ಲಿ ಒಂದು ಕೋಣೆ ದೊರಕೀತೆ ಎಂಬುದು ಆ ನಗರದ ಮುಂದಿರುವ ಪ್ರಶ್ನೆ.